ಮೊಟ್ಟೆ ಡಬ್ಬಿಯ ಹುಡುಗಿ

"ಏ ಮೊಟ್ಟೆ ಸ್ಟಾರ್, ಇಲ್ಲೊಂದು ಸೈನ್ ಹಾಕೇ!"

ಶಾಲೆಯ ಕ್ಯಾಂಟೀನಿನಲ್ಲಿ ಕೋಲ್ಬಿ ಒಂದು ಖಾಲಿ ಮೊಟ್ಟೆ ಡಬ್ಬಿಯನ್ನು ಮಾರಿತ್‌ಳ ತಟ್ಟೆಯ ಪಕ್ಕಕ್ಕೆ ತಳ್ಳಿದ. ಸುತ್ತ ಕೂತಿದ್ದವರೆಲ್ಲ ಕತ್ತು ಚಾಚಿದರು.

ಡಬ್ಬಿಯ ಮುಚ್ಚಳದ ಮೇಲೆ ಮಾರಿತ್‌ಳ ಫೋಟೋ ಇತ್ತು. ಹಸಿರು ಹುಲ್ಲಿನ ನಡುವೆ ಮಂಡಿಯೂರಿ, ಕೆಂಚು ಕೋಳಿಯೊಂದನ್ನು ಎದೆಗೆ ಅವಚಿಕೊಂಡು, ಬಿದ್ದ ಹಲ್ಲಿನ ಜಾಗ ಕಾಣುವಂತೆ ನಗುತ್ತಿದ್ದಳು.

"ನಿಜವಾಗ್ಲೂ ನೀನೇನಾ? ಹಲ್ಲೇ ಇಲ್ಲ!" ಎಂದಳು ಗೆಳತಿ ನೆಲ್.

"ಅದು ಹೋದ ವರ್ಷದ್ದು ಕಣೇ. ಈಗ ಬಂದಿದೆ, ನೋಡು."

"ಕೋಳಿಗೂ ಹಲ್ಲಿಲ್ಲ, ಇವಳಿಗೂ ಹಲ್ಲಿಲ್ಲ. ಮೊಟ್ಟೆ ಇಟ್ಟಿದ್ದು ಯಾರೋ!" ಎಂದ ಕೋಲ್ಬಿ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರಿತ್ ಕೂಡ ನಕ್ಕಳು. ನಗುತ್ತಲೇ ದೊಡ್ಡದಾಗಿ ಸೈನ್ ಹಾಕಿದಳು.

ಆ ಫೋಟೋ ತೆಗೆದದ್ದು ಇಂಗಾ ಅಜ್ಜಿಯ ಹೊಲದಲ್ಲಿ. ಮಾರಿತ್‌ಳ ಅಪ್ಪ ಡೇಲ್ ಊರಾಚೆಯ ಮೊಟ್ಟೆ ಕಂಪನಿಯಲ್ಲಿ ಮೆಷಿನ್ ರಿಪೇರಿ ಮಾಡುತ್ತಿದ್ದರು. ಕಂಪನಿಯ ಮ್ಯಾನೇಜರ್ ಗ್ರೆಚೆನ್ ಒಂದು ದಿನ, "ನಿಮ್ಮ ಮಗಳು ಎಷ್ಟು ಮುದ್ದಾಗಿದ್ದಾಳೆ, ಒಂದು ಫೋಟೋ ತೆಗೀತೀವಿ" ಎಂದು ಕೇಳಿದ್ದರು. ಅಪ್ಪ ಒಪ್ಪಿದ್ದರು. ಅಜ್ಜಿಯ ಕೋಳಿಗಳಲ್ಲೆಲ್ಲ ಸಾಧುವಾದ 'ಬಿಸ್ಕತ್ತು' ಎಂಬ ಕೆಂಚು ಕೋಳಿ ಮಾರಿತ್‌ಳ ತೋಳಿನಲ್ಲಿ ಅಲುಗಾಡದೆ ಕೂತಿತ್ತು.

ಕಂಪನಿಯ ಕೋಳಿಗಳೂ ಬಿಸ್ಕತ್ತಿನ ಹಾಗೇ ಹುಲ್ಲಿನಲ್ಲಿ ಕೆದಕುತ್ತ, ಮಣ್ಣಿನಲ್ಲಿ ಹೊರಳುತ್ತ ಇರುತ್ತವೆ ಎಂದು ಮಾರಿತ್ ತಿಳಿದಿದ್ದಳು. ಅಜ್ಜಿಯದಕ್ಕಿಂತ ಅವರ ಹುಲ್ಲುಗಾವಲು ದೊಡ್ಡದಿರಬಹುದು, ಅಷ್ಟೇ.

ಆ ದಿನ ಸಂಜೆ ಅಪ್ಪ ಅವಳನ್ನು ಕರೆದುಕೊಂಡು ಹೋಗಲು ಶಾಲೆಗೆ ಪಿಕಪ್ ಗಾಡಿ ತಂದಿದ್ದರು. ಅರ್ಧ ದಾರಿಯಲ್ಲಿ ಫೋನ್ ಬಂತು.

"ಶೆಡ್ಡಿನ ಫ್ಯಾನ್ ನಿಂತೋಗಿದೆಯಂತೆ. ಈ ಸೆಕೆಗೆ ಕೋಳಿಗಳು ಸತ್ತೇ ಹೋಗ್ತಾವೆ," ಎಂದು ಅಪ್ಪ ಗಾಡಿ ತಿರುಗಿಸಿದರು. "ನೀನು ಗಾಡಿಯಲ್ಲೇ ಕೂತಿರು, ಆಯ್ತಾ? ಬೇಗ ಬಂದ್ಬಿಡ್ತೀನಿ."

ಮಾರಿತ್‌ಗೆ ಖುಷಿಯಾಯಿತು. ತನ್ನ ಡಬ್ಬಿಯ ಕೋಳಿಗಳನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಆದರೆ ಕಂಪನಿ ತಲುಪಿದಾಗ ಕಂಡದ್ದು ಜಲ್ಲಿಕಲ್ಲಿನ ಅಂಗಳ ಮತ್ತು ಉದ್ದನೆಯ ತಗಡಿನ ಕಟ್ಟಡಗಳು. ಒಂದಕ್ಕೂ ಕಿಟಕಿ ಇರಲಿಲ್ಲ. ಕೋಳಿಗಳು ಹಿಂದುಗಡೆ ಇರಬೇಕು ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಟಾಯ್ಲೆಟ್ಟಿಗೆ ಹೋಗಬೇಕೆನಿಸಿತು. ಆಫೀಸಿನ ಹುಡುಗಿ ದಾರಿ ತೋರಿಸಿದಳು. ವಾಪಸು ಬರುವಾಗ ದೊಡ್ಡ ಕಬ್ಬಿಣದ ಬಾಗಿಲೊಂದು ತೆರೆದಿತ್ತು. ಮುಚ್ಚಿಕೊಳ್ಳದಿರಲೆಂದು ಅಡ್ಡ ಇಟ್ಟಿದ್ದದ್ದು ಅಪ್ಪನ ಟೂಲ್ ಬಾಕ್ಸ್. ಮಾರಿತ್ ಒಳಗೆ ಇಣುಕಿದಳು.

ಮೊದಲು ಮೂಗಿಗೆ ಬಡಿದದ್ದು ಘಾಟು. ಕಣ್ಣು ಉರಿದು ನೀರು ಬಂತು. ಒರೆಸಿಕೊಂಡು ನೋಡಿದಳು.

ನೆಲದಿಂದ ಮಾಡಿನವರೆಗೆ ಬರೀ ಪಂಜರಗಳು. ಒಂದರ ಮೇಲೊಂದು, ಒಂದರ ಪಕ್ಕ ಒಂದು, ಕೊನೆಯೇ ಕಾಣದಷ್ಟು. ಪಂಜರದ ತುಂಬ ಕೋಳಿಗಳು ಒತ್ತಿಕೊಂಡು ನಿಂತು, ತಂತಿಯ ಸಂದಿಯಿಂದ ಕತ್ತು ಹೊರಹಾಕಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಎಷ್ಟೋ ಕೋಳಿಗಳ ಕತ್ತಿನಲ್ಲಿ ಪುಕ್ಕವೇ ಇರಲಿಲ್ಲ. ಹತ್ತಿರದ ಒಂದು ಕೋಳಿ ರೆಕ್ಕೆ ಬಿಚ್ಚಲು ನೋಡಿತು. ರೆಕ್ಕೆ ಪಕ್ಕದ ಕೋಳಿಗೆ ತಾಗಿತು. ಮತ್ತೆ ಮಡಚಿಕೊಂಡಿತು.

ಪಂಜರದ ಕೆಳಗಿಂದ ಮೊಟ್ಟೆಗಳು ಉರುಳಿ ಚಲಿಸುವ ಪಟ್ಟಿಯ ಮೇಲೆ ಸಾಗುತ್ತಿದ್ದವು. ಎಲ್ಲಿಗೆ ಹೋಗುತ್ತಿವೆ ಎಂದು ಮಾರಿತ್ ತಿರುಗಿದಳು. ಪಕ್ಕದ ಕೋಣೆಯಲ್ಲಿ ಡಬ್ಬಿಗಳನ್ನು ಗೋಡೆಯಂತೆ ಪೇರಿಸಿದ್ದರು. ಪ್ರತಿ ಡಬ್ಬಿಯ ಮೇಲೂ ಅವಳೇ. ಹಲ್ಲಿಲ್ಲದ ಅಷ್ಟೂ ಮಾರಿತ್‌ಗಳು ಒಟ್ಟಿಗೆ ಅವಳನ್ನೇ ನೋಡಿ ನಗುತ್ತಿದ್ದರು.

ಓಡಬೇಕೆಂದುಕೊಂಡಳು. ಆದರೆ ಅಲ್ಲೇ ನಿಂತು ಡಬ್ಬಿಗಳನ್ನೇ ನೋಡಿದಳು.

"ಅಯ್ಯೋ, ಇಲ್ಲಿಗ್ಯಾಕೆ ಬಂದೆ ಪುಟ್ಟಿ?" ಗ್ರೆಚೆನ್ ಓಡೋಡಿ ಬಂದರು. ಹಿಂದೆಯೇ ಅಪ್ಪ ಬಂದರು.

"ಹುಲ್ಲು ಎಲ್ಲಿದೆ?" ಎಂದಳು ಮಾರಿತ್.

"ಯಾವ ಹುಲ್ಲು?"

ಮಾರಿತ್ ಡಬ್ಬಿಯ ಕಡೆ ಬೆರಳು ತೋರಿಸಿದಳು.

"ಓ, ಅದಾ!" ಗ್ರೆಚೆನ್ ನಕ್ಕರು. "ಅದು ಚಿತ್ರ ಕಣಮ್ಮ. ಚಿತ್ರ ಚೆನ್ನಾಗಿರಬೇಕಲ್ವಾ? ಕೋಳಿಗಳನ್ನ ಹುಲ್ಲಲ್ಲಿ ಬಿಡ್ತೀವಿ ಅಂತ ಎಲ್ಲಾದ್ರೂ ಬರೆದಿದ್ದೀವಾ? ನೀನೇ ಓದು."

ಮಾರಿತ್ ಓದಿದಳು. 'ತಾಜಾ ಮೊಟ್ಟೆ' ಎಂದಷ್ಟೇ ಇತ್ತು.

"ನೋಡಿದ್ಯಾ? ಮೊಟ್ಟೆ ತಾಜಾನೇ ಇದೆ."

"ಹಾಗಾದ್ರೆ ನನ್ನನ್ನ ತೆಗೆದುಬಿಡಿ."

"ಏನು?"

"ಬಾಕ್ಸ್ ಮೇಲಿಂದ. ನಾನು ಅಲ್ಲಿರೋದು ಬೇಡ."

ಗ್ರೆಚೆನ್ ಅಪ್ಪನ ಕಡೆ ತಿರುಗಿದರು. "ಏನಿದು ಡೇಲ್? ನೀವೇ ಒಪ್ಪಿದ್ರಿ ತಾನೇ?"

ಅಪ್ಪನ ಕೈಯೆಲ್ಲ ಎಣ್ಣೆಯಿಂದ ಕಪ್ಪಾಗಿತ್ತು. ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. ಈಗ ಬೈಯುತ್ತಾರೆ ಎಂದು ಮಾರಿತ್ ತಲೆ ತಗ್ಗಿಸಿದಳು.

"ಒಪ್ಪಿದ್ದೆ ಗ್ರೆಚೆನ್. ಈಗ ಬೇಡ ಅಂತಿದ್ದೀನಿ."

"ನೀವು ಕೆಲಸ ಮಾಡೋ ಜಾಗ ಇದು. ಯೋಚನೆ ಮಾಡಿ ಮಾತಾಡಿ." ಗ್ರೆಚೆನ್ ಮುಖದ ನಗು ಹೋಗಿತ್ತು.

"ಫ್ಯಾನ್ ಸರಿಯಾಗಿದೆ," ಎಂದಷ್ಟೇ ಹೇಳಿ ಅಪ್ಪ ಟೂಲ್ ಬಾಕ್ಸ್ ಎತ್ತಿಕೊಂಡರು.

ಗಾಡಿ ಅಜ್ಜಿಯ ಮನೆಯ ದಾರಿ ಹಿಡಿಯಿತು.

"ಅಪ್ಪಾ, ನಿಂಗೆ ಗೊತ್ತಿತ್ತಾ?"

"ದಿನಾ ನೋಡ್ತೀನಲ್ಲಮ್ಮಾ."

ಪಂಜರಗಳನ್ನು ಕಂಡಾಗ ಆದದ್ದಕ್ಕಿಂತ ದೊಡ್ಡ ಪೆಟ್ಟು ಬಿದ್ದಂತಾಯಿತು ಮಾರಿತ್‌ಗೆ. "ಮತ್ತೆ ಯಾಕೆ ಹೇಳ್ಲಿಲ್ಲ?"

"ಆ ಬಾಕ್ಸ್ ನೋಡಿ ಎಷ್ಟು ಕುಣಿದಾಡಿದ್ದೆ ನೀನು. ಹೇಳೋಕೆ ಬಾಯೇ ಬರ್ಲಿಲ್ಲ," ಎಂದರು ಅಪ್ಪ. ಅವರು ರಸ್ತೆಯನ್ನೇ ನೋಡುತ್ತಿದ್ದರು.

ಮಾರಿತ್‌ಳನ್ನು ಅಜ್ಜಿಯ ಮನೆಯಲ್ಲಿ ಇಳಿಸಿದರು. ಅಜ್ಜಿ ಹಿತ್ತಲಿನಲ್ಲಿ ಕೂತು ಡಬ್ಬಿಗಳಿಗೆ ಸ್ಟಿಕರ್ ಅಂಟಿಸುತ್ತಿದ್ದಳು. ಉಗುರಿಗಿಂತ ಸ್ವಲ್ಪ ದೊಡ್ಡ, ದುಂಡನೆಯ ಸ್ಟಿಕರ್. ಅದರಲ್ಲಿ ಹುಲ್ಲೂ ಇರಲಿಲ್ಲ, ಹುಡುಗಿಯೂ ಇರಲಿಲ್ಲ.

"ಇದನ್ನ ಯಾರು ಬೇಕಾದ್ರೂ ಅಂಟಿಸಬಹುದಾ ಅಜ್ಜಿ?"

"ಅಂಟಿಸ್ಲಿ ನೋಡೋಣ! ಕೋಳಿಗಳನ್ನ ಚೆನ್ನಾಗಿ ಸಾಕ್ತೀವಾ ಅಂತ ವರ್ಷಾ ವರ್ಷಾ ಪಾಸಾಗ್ಬೇಕು ಕಣೇ ಇದಕ್ಕೆ. ಒಬ್ಬ ಇನ್‌ಸ್ಪೆಕ್ಟರ್ ಬರ್ತಾನೆ. ಕೋಳಿ ಎತ್ತಿ ಕಾಲು ನೋಡ್ತಾನೆ, ಪುಕ್ಕ ಬಿಡಿಸಿ ನೋಡ್ತಾನೆ, ಗೂಡಿಗೆ ಮೂಗು ಹಾಕಿ ಮೂಸ್ತಾನೆ. ಹೋದ ಸಲ ಗೂಡಿನ ನೆಲಕ್ಕೆ ಹಾಸಿದ್ದ ಹೊಟ್ಟು ಒದ್ದೆ ಅಂತ ನನಗೇ ಬೈದ. ನನಗೆ! ಅವನು ಹುಟ್ಟೋಕೆ ಮುಂಚೆಯಿಂದ ಕೋಳಿ ಸಾಕ್ತಿದ್ದೀನಿ ನಾನು."

"ನೀನೇನಂದೆ?"

"ಏನಂತೀನಿ? ಒದ್ದೆ ಇತ್ತು. ಬದಲಾಯಿಸ್ದೆ," ಎಂದು ಅಜ್ಜಿ ಮೂತಿ ತಿರುವಿದಳು.

ಬಿಸ್ಕತ್ತು ಅಲ್ಲೇ ಮಣ್ಣಿನಲ್ಲಿ ಗುಳಿ ತೋಡಿ, ಎರಡೂ ರೆಕ್ಕೆ ಪೂರ್ತಿ ಹರಡಿ ಇಳಿಬಿಸಿಲಿಗೆ ಮಲಗಿತ್ತು. ಮಾರಿತ್ ಹತ್ತಿರ ಹೋಗಿ ಕೂತು ಅದರ ರೆಕ್ಕೆಯನ್ನೇ ನೋಡಿದಳು. ಆಮೇಲೆ ಅಳು ಬಂತು. ಅಜ್ಜಿ ಪಕ್ಕಕ್ಕೆ ಬಂದು ಕೂತಳು.

ಅಪ್ಪನ ಕೆಲಸವೇನೂ ಹೋಗಲಿಲ್ಲ. ಆದರೆ ಗ್ರೆಚೆನ್ ಅಪ್ಪನೊಡನೆ ಮಾತು ಬಿಟ್ಟರು. ಅಚ್ಚಾದ ಡಬ್ಬಿಗಳು ಮುಗಿಯುವವರೆಗೆ ಫೋಟೋ ತೆಗೆಯಲಾಗದು ಎಂದು ಕಂಪನಿ ಹೇಳಿತು.

ರಜೆ ಶುರುವಾದ ಮೇಲೆ ಒಂದು ಶನಿವಾರ ಮಾರಿತ್ ಅಪ್ಪನ ಜೊತೆ ಸೂಪರ್ ಮಾರ್ಕೆಟ್ಟಿಗೆ ಹೋದಳು. ಮೊಟ್ಟೆಯ ಕಪಾಟಿನ ಮುಂದೆ ತಲೆ ತಗ್ಗಿಸಿ ದಾಟಿಹೋಗುತ್ತಿದ್ದಳು.

"ಏ ಮರಿ, ಇದು ನೀನೇ ಅಲ್ವಾ?" ವಯಸ್ಸಾದ ಹೆಂಗಸೊಬ್ಬರು ಡಬ್ಬಿಯನ್ನು ಅವಳ ಮುಖದ ಪಕ್ಕ ಹಿಡಿದು ನೋಡಿದರು. "ನೀನೇ! ಎಷ್ಟು ಪುಣ್ಯ ಮಾಡಿವೆ ನಿಮ್ಮ ಕೋಳಿಗಳು, ಹೀಗೆ ಹುಲ್ಲಲ್ಲಿ ಓಡಾಡ್ಕೊಂಡು."

ಮಾರಿತ್‌ಳ ಕಿವಿ ಬಿಸಿಯಾಯಿತು. "ಹುಡುಗಿ ನಾನೇ. ಈ ಮೊಟ್ಟೆ ಆ ಕೋಳೀದಲ್ಲ."

"ಅಂದ್ರೆ?"

"ಈ ಮೊಟ್ಟೆ ಇಟ್ಟಿದ್ದು ಪಂಜರದ ಕೋಳಿಗಳು. ನಾನು ನೋಡಿದ್ದೀನಿ. ರೆಕ್ಕೆ ಬಿಚ್ಚೋಕೂ ಜಾಗ ಇಲ್ಲ ಅವಕ್ಕೆ."

ಆಕೆ ಕನ್ನಡಕ ಹಾಕಿಕೊಂಡು ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿದರು. "ಹಾಗಂತ ಎಲ್ಲೂ ಬರೆದಿಲ್ವಲ್ಲ."

"ಬರೆಯಲ್ಲ. ಬರೀ ಚಿತ್ರ ತೋರಿಸ್ತಾರೆ."

"ಮತ್ತೆ ನಾನು ಹೇಗೆ ನಂಬೋದು? ಯಾವುದು ತಗೊಳ್ಳೋದು?"

ಮಾರಿತ್ ಕೆಳಗಿನ ಸಾಲಿನಿಂದ ಅಜ್ಜಿಯದರಂಥದೇ ದುಂಡನೆಯ ಸ್ಟಿಕರ್ ಇದ್ದ ಡಬ್ಬಿಯನ್ನು ಎತ್ತಿಕೊಟ್ಟಳು. "ಇದಕ್ಕಾದ್ರೆ ಒಬ್ಬರು ಹೋಗಿ ನೋಡಿ ಬರ್ತಾರೆ. ತುಂಬಾ ಸ್ಟ್ರಿಕ್ಟು. ನಮ್ಮಜ್ಜಿಗೂ ಬೈದಿದ್ದಾರೆ."

ಹೆಂಗಸು ನಕ್ಕುಬಿಟ್ಟರು. ಆಮೇಲೆ ಬೆಲೆ ನೋಡಿದರು. ನಗು ನಿಂತಿತು. ಕೈಗೊಂದು ಡಬ್ಬಿ ಹಿಡಿದು ಅಲ್ಲೇ ಯೋಚಿಸುತ್ತ ನಿಂತರು.

ಮಾರಿತ್ ತಿರುಗಿದರೆ, ಕೈಯಲ್ಲಿ ಬ್ರೆಡ್ ಹಿಡಿದುಕೊಂಡು ಅಪ್ಪ ಹಿಂದೆಯೇ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬ್ರೆಡ್ಡನ್ನು ತಳ್ಳುಗಾಡಿಗೆ ಹಾಕಿ, ಒಂದು ಪಕ್ಕಕ್ಕೆ ಸರಿದು, ತಳ್ಳುವ ಹಿಡಿಯಲ್ಲಿ ಅವಳ ಕೈಗೂ ಜಾಗ ಬಿಟ್ಟರು.

ಆಕೆ ಯಾವ ಡಬ್ಬಿ ಕೊಂಡರು ಎಂದು ಮಾರಿತ್ ತಿರುಗಿ ನೋಡಲಿಲ್ಲ. ತಲೆ ಎತ್ತಿಕೊಂಡೇ ಹಾಲಿನ ಸಾಲಿನ ಕಡೆ ನಡೆದಳು.