ಎರಡು 'ಲೋಡ್'

ಮಟಮಟ ಮಧ್ಯಾಹ್ನ. ನನ್ನ ಬೆನ್ನ ಹಿಂದೆ ಲಿಫ್ಟಿನ ಖಾಲಿ ಬಾವಿ... ಏಳು ಅಂತಸ್ತಿನ ಆಳ!

ನನ್ನ ಕಾಲರ್ ಹಿಡಿದಿದ್ದವನು ಲಿಫ್ಟ್ ಕಂಪನಿ ಮಾಲೀಕನ ಅಳಿಯ.

"ಲ್ಯಾಪ್‌ಟಾಪ್ ಕೊಡು! ಇಲ್ಲಾಂದ್ರೆ ಕೈ ಬಿಡ್ತೀನಿ!"

"ಬಿಡು. ಲ್ಯಾಪ್‌ಟಾಪೂ ನನ್ ಜೊತೆ ಕೆಳಗೆ ಹೋಗುತ್ತೆ..."

ಅವನು ಯೋಚಿಸಿದ. ಅದೇ ತಪ್ಪು. ನನ್ನ ಮಂಡಿ ಅವನ ಹೊಟ್ಟೆಗೆ ಅಪ್ಪಳಿಸಿತು. ನೆಲಕ್ಕುರುಳಿದ.

ನೋಡಿ, ಇದೇ ಬಾವಿಯಲ್ಲಿ ಲಿಫ್ಟ್ ಬಿದ್ದು ಮೆಕ್ಯಾನಿಕ್ ಒಬ್ಬ ಅಪ್ಪಚ್ಚಿಯಾಗಿದ್ದ. ಬ್ರೇಕಿನ ಲೆಕ್ಕ ತಪ್ಪಿಸಿದಳೆಂದು ಪ್ರೋಗ್ರಾಮರ್ ಹುಡುಗಿಯನ್ನು ಜೈಲಿಗೆ ತಳ್ಳಿದ್ದರು. ಅವಳ ಮೇಲಿನ ಸಾಕ್ಷ್ಯ ಗಟ್ಟಿ ಮಾಡಲು ಮಾಲೀಕ ಖಾಸಗಿ ಪತ್ತೇದಾರನಾದ ನನ್ನನ್ನು ಕರೆಸಿದ್ದ.

ಅಗೆದೆ. ಸಿಕ್ಕಿದ್ದೇ ಬೇರೆ!

ಕಂಪನಿಯ ಪ್ರೋಗ್ರಾಮುಗಳೆಲ್ಲ ಇರುವುದು ಗಿಟ್‌ನಲ್ಲಿ. ಯಾರು ಏನು ಬದಲಿಸಿದರೂ ಅದು ಬರೆದಿಡುತ್ತದೆ. ಅಲ್ಲಿ ಬ್ರೇಕಿನ ಲೆಕ್ಕವಿರುವ, ಕನ್ನಡದಲ್ಲೇ 'ಲೋಡ್' ಎಂದು ಹೆಸರಿಟ್ಟ ಫೈಲ್ ಒಂದಲ್ಲ, ಎರಡು! ಒಂದರ ಹೆಸರಿನಲ್ಲಿ 'ಓ' ಸ್ವರಕ್ಕೆ ಒಂದೇ ಗುರುತು. ಇನ್ನೊಂದರಲ್ಲಿ ಅದೇ ಸ್ವರವನ್ನು ತುಂಡು ತುಂಡಾಗಿ ಜೋಡಿಸಿತ್ತು. ಕಣ್ಣಿಗೆ ಅವಳಿಜವಳಿ. ಕಂಪ್ಯೂಟರಿಗೆ ಎತ್ತಣಿಂದೆತ್ತ ಸಂಬಂಧ!

ಹುಡುಗಿ ಸರಿಪಡಿಸಿದ್ದು ಒಂದನ್ನು. ಲಿಫ್ಟ್ ಓದಿದ್ದು ಇನ್ನೊಂದನ್ನು.

ಅದನ್ನೂ ಅವಳೇ ಪತ್ತೆ ಹಚ್ಚಿದ್ದಳು. "ಒಂದೇ ಹೆಸರಿನ ಎರಡು ಫೈಲ್ ಇವೆ ಸರ್, ಲಿಫ್ಟ್ ಓಡಿಸಬೇಡಿ" ಎಂದು ಗಿಟ್‌ನಲ್ಲಿ ದಾಖಲಿಸಿದ್ದಳು. ಅದರ ಕೆಳಗೇ ಅಳಿಯನ ಅಪ್ಪಣೆ: "ಪರವಾಗಿಲ್ಲ, ಓಡಿಸಿ."

ಸಾವಾದ ಮೇಲೆ ಕಂಪನಿಯ ಗಿಟ್‌ನಿಂದ ಅಳಿಯ ಅವಳ ಎಚ್ಚರಿಕೆ, ತನ್ನ ಅಪ್ಪಣೆ ಎರಡನ್ನೂ ಅಳಿಸಿದ್ದ. ಆದರೆ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಪೂರ್ತಿ ನಕಲು ಉಳಿದಿತ್ತು.

ಅದೇ ಈಗ ನನ್ನ ಕಂಕುಳಲ್ಲಿ!

ಮೆಟ್ಟಿಲಲ್ಲಿ ಏದುಸಿರು. ಮಾಲೀಕ ಬಂದ.

"ಮಾವ... ಇವನು..."

"ಎಲ್ಲಾ ಗೊತ್ತು. ಬಾಯ್ಮುಚ್ಚು!" ಮಾಲೀಕ ನನ್ನತ್ತ ತಿರುಗಿದ. "ನನ್ ಮಗಳು ತುಂಬು ಗರ್ಭಿಣಿ ಕಣಯ್ಯಾ. ಆ ಹುಡುಗಿ ಒಳಗೇ ಇರ್ಲಿ. ಅವಳಿಗೆ ಹಿಂದೆ ಮುಂದೆ ಯಾರಿದಾರೆ?"

"ತಡ ಆಯ್ತು ಸರ್. ನಕಲು ಕಳಿಸಾಯ್ತು."

"ಪೊಲೀಸರಿಗಾ?"

"ಅವರಿಗೂ ಕಳಿಸಿದೀನಿ, ಅವರು ನಿಧಾನಕ್ಕೆ ಓದ್ತಾರೆ... ಮೊದಲು ಕಳಿಸಿದ್ದು ಮೆಕ್ಯಾನಿಕ್‌ನ ಅಣ್ಣಂದಿರಿಗೆ. ಈ ಬಿಲ್ಡಿಂಗಿನ ವಿಳಾಸದ ಸಮೇತ!"

ಕೆಳಗೆ ಗೇಟು ಮುರಿದ ಸದ್ದು. ಮೆಟ್ಟಿಲ ಮೇಲೆ ಧಡಧಡ ಹೆಜ್ಜೆಗಳು.

ಮಾಲೀಕ ಅಳಿಯನನ್ನು ನೋಡಿದ. ಬಾಗಿಲನ್ನು ನೋಡಿದ.

ಗೋಡೆಗೆ ಸರಿದು ದಾರಿ ಬಿಟ್ಟ.

ಅಳಿಯ ತೆವಳಿಕೊಂಡು ಬಂದು ನನ್ನ ಕಾಲು ಹಿಡಿದ. "ಅಣ್ಣಾ... ಪೊಲೀಸರನ್ನ ಕರಿಯಣ್ಣಾ!"

ಕರೆದೆ... ಸಿಗರೇಟು ಮುಗಿದ ಮೇಲೆ.