ಕನ್ನಡಕದಂಗಡಿಯ ಹಿಂದಿನ ದೋಣಿ

ಡ್ರೈವಿಂಗ್ ಸ್ಕೂಲಿನ ಕಾರನ್ನು ಕನ್ನಡಕದಂಗಡಿಯ ಮುಂದೆ ಅಡ್ಡಾದಿಡ್ಡಿ ನಿಲ್ಲಿಸಿ ಅವಳು ಒಳಗೆ ನುಗ್ಗಿದಳು. ದಿನವಿಡೀ ಬೇರೆಯವರಿಗೆ ಪಾರ್ಕಿಂಗ್ ಹೇಳಿಕೊಡುವವಳು ಹಾಗೆ ನಿಲ್ಲಿಸಿದ್ದಾಳೆಂದರೆ ಸಿಟ್ಟು ನೆತ್ತಿಗೇರಿತ್ತು ಎಂದೇ ಅರ್ಥ.

"ನಮ್ಮ ದೋಣಿ ಎಲ್ಲಿ?"

ಕೌಂಟರಿನ ಹಿಂದಿದ್ದವನು ಕೈಯಲ್ಲಿದ್ದ ಫ್ರೇಮಿನ ಪುಟಾಣಿ ಸ್ಕ್ರೂವನ್ನು ಪೂರ್ತಿ ಬಿಗಿದು, ಆಮೇಲೆ ತಲೆ ಎತ್ತಿದ.

"ಹಿಂದೆ ಶೆಡ್ಡಲ್ಲಿದೆ. ನೀವು ಜಗಳಕ್ಕೆ ಬರ್ತೀರಿ ಅಂತ ನಿಮ್ಮಮ್ಮ ಹೇಳಿದ್ರು. ನಿನ್ನೆನೇ ಬರ್ತೀರಿ ಅಂದ್ಕೊಂಡಿದ್ದೆ."

"ಅಮ್ಮನ ತಲೆ ಕೆಡಿಸಿ ತಗೊಂಡಿದ್ದೀರಿ."

"ನಿಮ್ಮಮ್ಮನ ತಲೆ ಯಾರಿಂದಲಾದರೂ ಕೆಡಿಸೋಕೆ ಆಗುತ್ತಾ?"

ಅಮ್ಮನನ್ನು ಇಷ್ಟು ಬೇಗ ಅರ್ಥ ಮಾಡಿಕೊಂಡವರು ಕಡಿಮೆ.

ಅಮ್ಮ ವಯಸ್ಸಿನಲ್ಲಿದ್ದಾಗ ಆ ಫೈಬರ್‌ಗ್ಲಾಸ್ ಹಾಯಿದೋಣಿಯಲ್ಲಿ ಸರೋವರದ ತುಂಬ ಓಡಾಡಿದ್ದವರು. ಅಪ್ಪನಿಗೆ ನೀರೆಂದರೆ ಆಗುತ್ತಿರಲಿಲ್ಲ. ದಂಡೆಯಲ್ಲೇ ಚಾಪೆ ಹಾಸಿ ರೇಡಿಯೋ ಕೇಳುತ್ತಿದ್ದರು. ಅಮ್ಮ ಚುಕ್ಕಾಣಿ ಹಿಡಿದರೆ ಹಗ್ಗ ಹಿಡಿಯುವ ಕೆಲಸ ಮಗಳದು. ಅಪ್ಪ ಹೋದ ಮೇಲೆ ದೋಣಿ ಮನೆಯ ಹಿಂದೆ ಮಗುಚಿಕೊಂಡು ಬಿದ್ದಿತ್ತು. "ಮುಂದಿನ ರಜೆಗೆ ಸರಿ ಮಾಡೋಣ ಅಮ್ಮ" ಎಂದು ಮಗಳು ಪ್ರತಿ ವರ್ಷವೂ ಹೇಳುತ್ತಿದ್ದಳು. ಅವಳಿಗೆ ರಜೆ ಬರಲೇ ಇಲ್ಲ.

ಅವನು ಶೆಡ್ಡಿನ ಬಾಗಿಲು ತೆಗೆದ. ಹಳೆಯ ಟೈರುಗಳ ಮೇಲೆ ದೋಣಿ ಕೂತಿತ್ತು. ಮೈಯೆಲ್ಲ ತೊಳೆದಿದ್ದರಿಂದ ಬಿಳಿ ಬಣ್ಣ ಕೂದಲೆಳೆಯಂತೆ ಬಿರುಕು ಬಿಟ್ಟಿದ್ದು ಈಗ ಕಾಣುತ್ತಿತ್ತು. ಅವನು ಸ್ಕ್ರೂಡ್ರೈವರಿನ ಹಿಡಿಯಿಂದ ದೋಣಿಯ ಪಕ್ಕಕ್ಕೆ ತಟ್ಟಿದ. ಟಣ್ ಎಂದಿತು. ಮೇಲ್ಭಾಗದ ಡೆಕ್ಕಿಗೆ ತಟ್ಟಿದ. ದಬ್ ಎಂದಿತು.

"ಒಳಗಿನ ಪ್ಲೈವುಡ್ ಕೊಳೆತಿದೆ. ಇಷ್ಟಗಲ ಕತ್ತರಿಸಿ ತೆಗೀಬೇಕು. ತಳ ಮಾತ್ರ ಕಲ್ಲಿನ ಹಾಗಿದೆ."

"ಇದನ್ನೆಲ್ಲ ಎಲ್ಲಿ ಕಲಿತ್ರಿ?"

"ವಿಡಿಯೋ ನೋಡಿ."

"ಸೇಲಿಂಗ್ ಬರುತ್ತಾ?"

"ಇಲ್ಲ."

"ಈಜು?"

"ಸೊಂಟದವರೆಗೆ ನೀರಿದ್ದರೆ ಪರವಾಗಿಲ್ಲ."

ಅವಳಿಗೆ ನಗು ಬಂದುಬಿಟ್ಟಿತು. ನಕ್ಕರೆ ಜಗಳ ಕೈತಪ್ಪುತ್ತದೆಂದು ಮುಖ ಆಚೆ ತಿರುಗಿಸಿದಳು. "ಮತ್ತೆ ದೋಣಿ ಯಾಕ್ರೀ ನಿಮಗೆ?"

"ಬೆಳಗಿಂದ ಸಂಜೆವರೆಗೆ ಒಂದು ಮೊಳ ದೂರದಲ್ಲೇ ನೋಡ್ತಿರ್ತೀನಿ. ಸ್ವಲ್ಪ ದೂರ ನೋಡೋಣ ಅನ್ನಿಸ್ತು."

ಅವತ್ತು ಮನೆಗೆ ಬಂದು ಅಮ್ಮನ ಮೇಲೆ ಕೂಗಾಡಿದಳು. ಅಮ್ಮ ಟೀವಿಯ ಸೌಂಡ್ ಜಾಸ್ತಿ ಮಾಡಿ, "ನನ್ನ ದೋಣಿ, ನಾನು ಮಾರಿದೆ. ಅಷ್ಟು ಹೊಟ್ಟೆ ಉರಿದರೆ ಹೋಗಿ ಕೆಲಸ ಮಾಡು. ಅವನಿಗೂ ಒಂದಾಳು ಬೇಕು" ಎಂದರು.

ಹೊಟ್ಟೆ ಉರಿದಿತ್ತು. ಭಾನುವಾರ ಹೋದಳು.

ಹೋದ ಮೇಲೆ ಬಿಡಲಾಗಲಿಲ್ಲ. ಡೆಕ್ಕನ್ನು ಕತ್ತರಿಸಿ ತೆಗೆದಾಗ ಒಳಗಿನ ಮರ ನೆನೆದ ಬ್ರೆಡ್ಡಿನ ಹಾಗೆ ಕೈಗೆ ಬಂತು. ಅದನ್ನು ಕೆರೆದು ಬಕೆಟ್ಟಿಗೆ ತುಂಬುವುದರಲ್ಲೇ ಕೆಲವು ಭಾನುವಾರಗಳು ಹೋದವು. ದೋಣಿಯ ಮೈ ಉಜ್ಜಿ ಸ್ಯಾಂಡಿಂಗ್ ಮಾಡಿದ ದಿನ ಗಾಜಿನ ನಾರಿನ ಪುಡಿ ಮುಂಗೈಗೆ ಅಂಟಿ ರಾತ್ರಿಯೆಲ್ಲ ತುರಿಕೆ. ಅಮ್ಮ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಶೆಡ್ಡಿನ ಬಾಗಿಲಲ್ಲಿ ಕೂತು, ಕೇಳದಿದ್ದರೂ ಸಲಹೆ ಕೊಡುತ್ತಿದ್ದರು. ಅವಳನ್ನು "ಮೇಡಂ" ಎನ್ನುತ್ತಿದ್ದವನು ಅಮ್ಮನನ್ನು "ಕ್ಯಾಪ್ಟನ್" ಎನ್ನತೊಡಗಿದ.

ಒಂದು ಮಧ್ಯಾಹ್ನ ಅವನ ಕನ್ನಡಕದ ಮೇಲೆ ಬಿಳಿ ಪುಡಿ ಕೂತು ಗಾಜೇ ಕಾಣದಂತಾಗಿತ್ತು. ಅವನ ಎರಡು ಕೈಯಲ್ಲೂ ರೆಸಿನ್ ಅಂಟು. ಅವಳೇ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸತೊಡಗಿದಳು.

"ಅಂಗಿಯಲ್ಲಿ ಒರೆಸಬಾರದು. ಗೀರು ಬೀಳುತ್ತೆ."

"ಸುಮ್ಮನಿರಿ. ಕನ್ನಡಕ ಇಲ್ಲದಿದ್ದರೆ ನಿಮಗೆ ಎಷ್ಟು ದೂರದವರೆಗೆ ಕಾಣುತ್ತೆ?"

"ಇಷ್ಟು" ಎಂದು ಅವನು ಕೈ ಚಾಚಿದ. ಅವನ ಬೆರಳ ತುದಿ ಅವಳ ಕಿವಿಯ ಪಕ್ಕ ನಿಂತಿತು.

ಅವಳು ಅದಕ್ಕಿಂತ ಹತ್ತಿರದಲ್ಲಿದ್ದಳು. ಇಬ್ಬರಿಗೂ ಅದು ಒಟ್ಟಿಗೇ ತಿಳಿಯಿತು. ಅವನು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದ. ಅವಳು ಕನ್ನಡಕವನ್ನು ಮತ್ತೆ ಅವನ ಮೂಗಿನ ಮೇಲೆ ಕೂರಿಸಿ, "ಸೊಟ್ಟಗಿದೆ" ಎಂದು ಇನ್ನೊಮ್ಮೆ ಸರಿಮಾಡಿದಳು. ಸೊಟ್ಟಗೇನೂ ಇರಲಿಲ್ಲ.

ಹೊಸ ಪ್ಲೈವುಡ್ ಕೂರಿಸಿದ ವಾರ ಅದು ನಡೆಯಿತು. ಅಮ್ಮ ಕುರ್ಚಿಯಿಂದ ಎದ್ದು ದೋಣಿಯ ಕಡೆ ಬರುತ್ತಿದ್ದರು. ಅವನು ಮಾತಾಡುತ್ತಲೇ, ಅಮ್ಮನ ಎಡಗಡೆ ಬಿದ್ದಿದ್ದ ಸ್ಯಾಂಡರಿನ ವೈರನ್ನು ಕಾಲಲ್ಲಿ ಸರಿಸಿದ. ಬಗ್ಗಿ ಡಬ್ಬವನ್ನೂ ಎತ್ತಿಟ್ಟ. ಎಷ್ಟೋ ಸಲ ಮಾಡಿ ರೂಢಿಯಾದ ಕೆಲಸದ ಹಾಗಿತ್ತು.

ಅವಳು ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟಳು. ಕಾರು ಕಲಿಯಲು ಬಂದವರ ಪಕ್ಕದ ನೋಟ ಹೇಗಿದೆ ಎಂದು ನೋಡಲು ಅವಳದೊಂದು ಉಪಾಯವಿತ್ತು. ಸದ್ದಿಲ್ಲದೆ ಅಮ್ಮನ ಎಡಕ್ಕೆ ಹೋಗಿ, ಕಣ್ಣಿನ ಮಟ್ಟಕ್ಕೆ ಕೈ ಎತ್ತಿ ಬೆರಳು ಆಡಿಸಿದಳು. ಅಮ್ಮ ನೇರ ನೋಡುತ್ತ ಹೊಸ ಡೆಕ್ಕಿನ ಮೇಲೆ ಅಂಗೈ ಆಡಿಸುತ್ತಲೇ ಇದ್ದರು.

ಕೈ ಕೆಳಗಿಳಿಸಿದಾಗ ಅವನು ಅವಳನ್ನೇ ನೋಡುತ್ತಿದ್ದ.

"ನಿಮಗೆ ಗೊತ್ತಿತ್ತು" ಎಂದಳು.

"ಗೊತ್ತಿತ್ತು. ಅವರು ಕನ್ನಡಕ ಬದಲಾಯಿಸೋಕೆ ಬಂದಾಗಲೇ ಅನುಮಾನ ಬಂತು. ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆ."

"ಇಷ್ಟು ದಿನ ನನ್ನ ಜೊತೆ ಹಲ್ಲು ಕಿರಿದುಕೊಂಡು ಕೆಲಸ ಮಾಡಿದ್ರಿ. ಒಂದು ಮಾತು ಹೇಳಲಿಲ್ಲ."

"ಹೇಳಬೇಡ ಅಂದಿದ್ದು ಅವರು. ಕಣ್ಣು ಅವರದು."

ಅವಳು ಅಮ್ಮನ ಕೈ ಹಿಡಿದು ಕಾರಿಗೆ ಕರೆದುಕೊಂಡು ಹೋದಳು. ಮನೆ ಮುಟ್ಟಿದ ಮೇಲೆ ಅಮ್ಮ ಕಾರಿನಿಂದ ಇಳಿಯದೆ ಅಲ್ಲೇ ಕೂತರು.

"ಬೈಯೋದಾದ್ರೆ ನನ್ನನ್ನ ಬೈ. ಗ್ಲಾಕೋಮಾ ಅಂತೆ. ಹೋಗಿರೋ ನೋಟ ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋಬಹುದು. ಡ್ರಾಪ್ಸ್ ಹಾಕ್ಕೋತಿದ್ದೀನಿ. ಪ್ರತಿ ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದು ಆ ಹುಡುಗನೇ, ಅಂಗಡಿ ಮುಚ್ಚಿ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ, ಸರಿಯಾದ ಮೇಲೆ ನನ್ನನ್ನ ದೋಣಿ ಹತ್ತೋಕೆ ಬಿಡ್ತಿದ್ಯಾ?"

ಅವಳು ಸ್ಟಿಯರಿಂಗ್ ಹಿಡಿದೇ ಕೂತಿದ್ದಳು. "ಇಲ್ಲ" ಎಂದಳು.

"ಅದಕ್ಕೇ."

ಅಮ್ಮ ಅಳಲಿಲ್ಲ. ಅತ್ತವಳು ಮಗಳು. ಇಡೀ ಊರಿಗೆ ಸೈಡ್ ಮಿರರ್ ನೋಡಿ ಎಂದು ಬೊಬ್ಬೆ ಹೊಡೆಯುವವಳಿಗೆ, ಊಟದ ಮೇಜಿನಲ್ಲಿ ಎಡಗಡೆಯ ಲೋಟವನ್ನು ತಡಕುತ್ತಿದ್ದ ಅಮ್ಮ ಕಂಡಿರಲಿಲ್ಲ. ಅವನ ಮೇಲಿನ ಸಿಟ್ಟಿನಲ್ಲಿ ಅರ್ಧ ತನ್ನ ಮೇಲಿನದೇ ಎಂದು ಅವಳಿಗೆ ತಿಳಿಯಲು ಕೆಲವು ದಿನ ಬೇಕಾಯಿತು.

ಮುಂದಿನ ಭಾನುವಾರ ಅವಳು ಹೋಗಲಿಲ್ಲ. ಅದರ ಮುಂದಿನ ಭಾನುವಾರ ಹೋದಾಗ ಅವನು ಹೊಸ ಡೆಕ್ಕಿನ ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ ರೆಸಿನ್ ಹಚ್ಚುತ್ತಿದ್ದ. ಇಬ್ಬರು ಮಾಡುವ ಕೆಲಸ. ರೆಸಿನ್ನನ್ನು ಗಟ್ಟಿ ಮಾಡುವ ಹಾರ್ಡನರ್ ಬೆರೆಸಿಯಾಗಿತ್ತು, ಬಟ್ಟಲು ಬಿಸಿಯಾಗತೊಡಗಿತ್ತು, ಅವನು ಬೆವರಿ ನೀರಾಗಿದ್ದ. ಅವಳು ಬಾಗಿಲಲ್ಲೇ ನಿಂತು ಗ್ಲೌಸ್ ಹಾಕಿಕೊಂಡು ರೋಲರ್ ಕೈಗೆ ತೆಗೆದುಕೊಂಡಳು.

"ನಾನಿನ್ನೂ ನಿಮ್ಮನ್ನ ಕ್ಷಮಿಸಿಲ್ಲ."

"ಸರಿ. ಆ ಮೂಲೇಲಿ ಗುಳ್ಳೆ ಇದೆ, ಒತ್ತಿ."

ಒತ್ತಿದಳು. ಬಿಳಿ ಮ್ಯಾಟ್ ರೆಸಿನ್ ಕುಡಿದು ನಿಧಾನವಾಗಿ ಪಾರದರ್ಶಕವಾಯಿತು. ಕೊನೆಯ ಅಂಚು ಮುಗಿಯುವವರೆಗೆ ಇಬ್ಬರಿಗೂ ತಲೆ ಎತ್ತಲು ಪುರುಸೊತ್ತಿರಲಿಲ್ಲ.

"ಇನ್ನೊಂದು ಮಾತು" ಎಂದ ಅವನು ಗ್ಲೌಸ್ ಕಳಚುತ್ತ. "ನಾಳೆ ಅವರು ಮತ್ತೆ ಹಾಗೇ ಕೇಳಿಕೊಂಡರೆ ನಾನು ಮತ್ತೆ ಹಾಗೇ ಮಾಡ್ತೀನಿ. ನಿಮ್ಮನ್ನ ಸಮಾಧಾನ ಮಾಡೋಕೆ ಸುಳ್ಳು ಹೇಳಲ್ಲ. ನೀವು ಬರದಿದ್ದ ಭಾನುವಾರ ಮಾತ್ರ ತುಂಬ ಕಷ್ಟ ಆಯ್ತು."

ಸಿಟ್ಟು ಬರಬೇಕಾಗಿತ್ತು. ಬದಲಿಗೆ, ತನ್ನ ಗುಟ್ಟನ್ನೂ ಈ ಮನುಷ್ಯ ಹೀಗೇ ಕಾಯುತ್ತಾನೆ ಅನ್ನಿಸಿತು. ಅವಳ ಬಳಿ ಗುಟ್ಟೊಂದು ಇತ್ತು ಕೂಡ. ಅದನ್ನು ಆಗ ಹೇಳಲಿಲ್ಲ.

"ಹಾಯಿ ನಾನು ಹೊಲಿಸಿಕೊಂಡು ಬರ್ತೀನಿ" ಎಂದಷ್ಟೇ ಹೇಳಿ ಹೊರಟಳು.

ದೋಣಿಯನ್ನು ನೀರಿಗಿಳಿಸಿದ ಬೆಳಗ್ಗೆ ಬಿಸಿಲಿತ್ತು, ಹದವಾದ ಗಾಳಿಯಿತ್ತು. ಅಮ್ಮ ಲೈಫ್ ಜಾಕೆಟ್ ಹಾಕಿಕೊಂಡು ಚುಕ್ಕಾಣಿಯ ಪಕ್ಕ ಕೂತರು. ಮಗಳು ಅವರ ಎಡಕ್ಕೆ ಕೂತು, "ಎಡಗಡೆ ಖಾಲಿ. ದೂರದಲ್ಲೊಂದು ದೋಣಿ, ತೊಂದರೆ ಇಲ್ಲ" ಎಂದು ಹೇಳುತ್ತ ಹೋದಳು. ಅಮ್ಮ ಕಣ್ಣನ್ನು ಹೆಚ್ಚು ಬಳಸುತ್ತಿರಲಿಲ್ಲ. ಕೆನ್ನೆಗೆ ತಾಗುವ ಗಾಳಿಯಿಂದಲೇ ದಿಕ್ಕು ಹಿಡಿದರು. ಹಾಯಿ ಉಬ್ಬಿ ದೋಣಿ ವಾಲಿದಾಗ ಅವನು ಎರಡು ಕೈಯಲ್ಲೂ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಮ್ಮ ನಕ್ಕರು. ಮನಸ್ಸು ತುಂಬುವಷ್ಟು ಹೊತ್ತು ಓಡಿಸಿ ದಂಡೆಗೆ ತಂದು, "ನನಗೆ ಸಾಕು. ನೀವಿಬ್ಬರು ಒಂದು ಸುತ್ತು ಹೋಗಿ ಬನ್ನಿ. ಅವಸರ ಏನಿಲ್ಲ" ಎಂದು ಇಳಿದರು.

ಚುಕ್ಕಾಣಿ ಈಗ ಅವಳ ಕೈಯಲ್ಲಿತ್ತು. ಸರೋವರದ ನಡುವೆ ಬಂದಾಗ ಅವನು ಗಂಟಲು ಸರಿಮಾಡಿಕೊಂಡ.

"ಮೇಡಂ, ಒಂದು ವಿಷಯ. ನಾನು ನಿಮ್ಮನ್ನ..."

ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. ಹಾಯಿ ಪಟಪಟನೆ ಬಡಿದು, ಅದರ ಅಡಿಯ ಅಡ್ಡಕಂಬ ಅವನ ಕಡೆ ಬೀಸಿ ಬಂತು.

"ಏಯ್, ತಲೆ ಬಗ್ಗಿಸೋ."

ಬಗ್ಗಿಸಿದ. ಕಂಬ ಕೂದಲು ಸವರಿಕೊಂಡು ಹೋಯಿತು. ದೋಣಿ ಇನ್ನೊಂದು ಕಡೆಗೆ ವಾಲಿ, ಹಾಯಿ ಮತ್ತೆ ತುಂಬಿ ನೆಟ್ಟಗಾಯಿತು. ಅವನು ಸೊಟ್ಟಗಾದ ಕನ್ನಡಕದೊಂದಿಗೆ ಮೆಲ್ಲಗೆ ಎದ್ದು ಕೂತ.

"ಬಗ್ಗಿಸೋ ಅಂದ್ರಿ."

"ಅಂದೆ."

"ಗಾಬರೀಲಿ ಅಂದ್ರಾ?"

ಅವಳು ಹಗ್ಗವನ್ನು ಅವನ ಕೈಗೆ ಕೊಟ್ಟು, ಅವನ ಮುಷ್ಟಿಯ ಮೇಲೆ ತನ್ನ ಕೈಯನ್ನು ಹಾಗೇ ಇಟ್ಟಳು.

"ಇಲ್ಲ" ಎಂದಳು. "ಬಹಳ ದಿನದಿಂದ ಮನಸ್ಸಲ್ಲಿ ಹಾಗೇ ಕರೀತಿದ್ದೀನಿ. ಈಗ ಹೇಳು, ಏನೋ ಹೇಳೋಕೆ ಹೊರಟಿದ್ದೆಯಲ್ಲ."