ಇಸ್ತ್ರಿ ಬ್ರೆಡ್ಡು

"ಇಸ್ತ್ರಿ ಪೆಟ್ಟಿಗೆ ಹಿಡಿದವರೆಲ್ಲ ಅಳಿಯ ಆಗೋ ಹಾಗಿದ್ರೆ, ನಮ್ಮಪ್ಪ ಇಷ್ಟೊತ್ತಿಗೆ ಬೀದಿಗೊಬ್ಬ ಅಳಿಯನ್ನ ಇಟ್ಕೊಂಡಿರ್ತಿದ್ರು!"

ಹೇಳಿದ್ದು ಅವಳೇ, ಯಜಮಾನರ ಮಗಳು. ಅಷ್ಟೂ ಜನರ ಮುಂದೆ, ನಗುನಗುತ್ತಾ.

ಶುರು ಮಾಡಿದ್ದು ಹಳೇ ಗಿರಾಕಿ ಟೈಲರಣ್ಣ. ಯಜಮಾನರ ಕಾಲು ಸೋತು ಮುಚ್ಚಿದ ಹೋಟೆಲು ಇದು. ಹಳಬರಿಗೆ ಕೊನೇ ಸಲ ಇಸ್ತ್ರಿ ಬ್ರೆಡ್ಡು ತಿನ್ನಿಸೋಣ ಅಂತ ಈ ಮಧ್ಯಾಹ್ನ ಶಟರ್ ಅರ್ಧ ಎತ್ತಿಸಿದ್ದರು. "ಹೋಟೆಲ್ ಹೋದ್ರೆ ಹೋಗ್ಲಿ ಯಜಮಾನ್ರೇ, ಈ ಹುಡುಗನ್ನ ಅಳಿಯ ಮಾಡ್ಕೊಂಡ್ಬಿಡಿ" ಅಂದುಬಿಟ್ಟ ಟೈಲರಣ್ಣ, ನನ್ನ ಕಡೆ ಕೈ ತೋರಿಸಿ.

ಅವಳ ಪಕ್ಕ ಕೂತ ಕೋಟಿನವನು ಯಾರು ಅಂತ ಪಾಪ ಅವನಿಗೆ ಗೊತ್ತಿರಲಿಲ್ಲ. ನನಗೂ.

"ಇವರನ್ನೇ ನಾನು ಮದುವೆ ಆಗ್ತಿರೋದು" ಅಂದಳು, ಕೋಟಿನವನ ತೋಳು ಹಿಡಿದು.

ನಾನು ತಲೆ ಎತ್ತದೆ ಈರುಳ್ಳಿ ತಿರುವಿದೆ.

ನನ್ನಮ್ಮ ಊರವರ ಬಟ್ಟೆಗೆ ಇಸ್ತ್ರಿ ಹಾಕಿ ನನ್ನನ್ನು ಸಾಕಿದಳು. ಅಮ್ಮ ತೀರಿಕೊಂಡ ಮೇಲೆ ಅವಳ ಪೆಟ್ಟಿಗೆ ತಂದು ಈ ಕಾವಲಿ ಪಕ್ಕ ಇಟ್ಟೆ. ಎರಡು ಹೋಳು ಬ್ರೆಡ್ಡು, ನಡುವೆ ಮೊಟ್ಟೆ, ಕೆಂಪಗೆ ಹುರಿದ ಈರುಳ್ಳಿ, ಮೇಲೆ ಕಾದ ಪೆಟ್ಟಿಗೆ. ಅಷ್ಟೇ. ಪೆಟ್ಟಿಗೆಯ ಚೂಪು ಮೂತಿ ಬ್ರೆಡ್ಡಿನ ಮೇಲೆ ಅಚ್ಚೊತ್ತಿದಂತೆ ಮೂಡುತ್ತಿತ್ತು. ಅದಕ್ಕೇ ಜನ ಮುಗಿಬೀಳುತ್ತಿದ್ದರು.

ಆಗ ಕ್ಯಾಶ್‌ನಲ್ಲಿ ಕೂರುತ್ತಿದ್ದವಳು ಯಜಮಾನರ ಮಗಳೇ. ಅವಳ ತಟ್ಟೆ ಇಡುವಾಗ ಮೂತಿ ಅವಳ ಕಡೆ ತಿರುಗಿಸುತ್ತಿದ್ದೆ. ಸಂಜೆ ಹಿಂದಿನ ಮೆಟ್ಟಿಲ ಹತ್ರ ಬಾ ಅಂತ ಅರ್ಥ. ಬರೋದಾದರೆ ಒಂದೇ ಬೆರಳಲ್ಲಿ ತಟ್ಟೆ ತಿರುಗಿಸಿ ಮೂತಿ ನನ್ನ ಕಡೆ ಮಾಡುತ್ತಿದ್ದಳು. ರೆಪ್ಪೆ ಎತ್ತುತ್ತಿರಲಿಲ್ಲ. ಕೆನ್ನೆ ಮಾತ್ರ ನಗುತ್ತಿತ್ತು.

"ಕೈಯೆಲ್ಲ ಈರುಳ್ಳಿ ವಾಸನೆ ಕಣೋ ನಿಂದು" ಅನ್ನುತ್ತಿದ್ದಳು ಮೆಟ್ಟಿಲ ಮೇಲೆ.

"ಮೂಗು ಮುಚ್ಕೋ."

"ಮುಚ್ಕೊಂಡ್ರೆ ನೀನು ಬಂದಿದ್ದು ಹೇಗೋ ಗೊತ್ತಾಗೋದು?"

ಇಂಥ ಮಾತಿಗೆ ಬಿದ್ದೆ ನಾನು. ಸ್ಕೂಲು ಬಿಟ್ಟಾಗ ಕಣ್ಣು ಒದ್ದೆಯಾಗದವನು, ಹೋಟೆಲು ಮುಚ್ಚಿದ ದಿನ ಆ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಮೊನ್ನೆ ಫೋನ್ ಮಾಡಿ "ಬಾರೋ, ನೀನಿಲ್ದೆ ಆಗಲ್ಲ" ಅಂದಳು. ಏಪ್ರನ್ ಒಳಗೆ ಹೊಸ ಶರ್ಟು ಹಾಕಿಕೊಂಡು ಬಂದಿದ್ದೆ, ದಡ್ಡ ನನ್ಮಗ.

ಕೋಟಿನವನು ಕಾವಲಿ ಹತ್ರ ಬಂದ. "ನಾವಿಬ್ರು ಕೆಫೆ ಓಪನ್ ಮಾಡ್ತಿದೀವಿ ಬ್ರದರ್. ಮೆನುನಲ್ಲಿ ಈ ಇಸ್ತ್ರಿ ಬ್ರೆಡ್ಡೇ ಮೊದಲು. ಈ ಪೆಟ್ಟಿಗೆ ಇಲ್ಲೇ ಬಿಟ್ಟು ಹೋಗಿ."

"ಅದು ನಮ್ಮಮ್ಮಂದು."

"ಅಯ್ಯೋ, ಹೊಸದೊಂದು ಕೊಡಿಸ್ತೀನಿ ಬಿಡಿ."

ಯಜಮಾನರು ನೆಲ ನೋಡಿದರು. ಅವಳು ನಗುತ್ತಲೇ ಇದ್ದಳು.

ಕೊನೇ ಬ್ರೆಡ್ಡು ಅವಳದು. ಒತ್ತಿದೆ, ಅವಳ ಮುಂದಿಟ್ಟೆ. ಮೂತಿ ಗೋಡೆ ಕಡೆ. ಅವಳ ನಗು ಅಲ್ಲೇ ನಿಂತಿತು.

ಏಪ್ರನ್ ಬಿಚ್ಚಿ ಪೆಟ್ಟಿಗೆಗೆ ಸುತ್ತಿದೆ.

ಆಗ ಅವಳ ಒಂದು ಬೆರಳು ತಟ್ಟೆಯ ಅಂಚು ಮುಟ್ಟಿತು. ತಟ್ಟೆ ಮೆಲ್ಲಗೆ ತಿರುಗಿತು. ಮೂತಿ ನನ್ನ ಕಡೆ ಬಂದು ನಿಂತಿತು. ರೆಪ್ಪೆ ಎತ್ತಲಿಲ್ಲ. ಕೆನ್ನೆ ನಕ್ಕಿತು. ನಾನು ಒಂದು ಹೆಜ್ಜೆ ಅವಳ ಕಡೆ ಇಟ್ಟೆ.

"ಪೆಟ್ಟಿಗೆ ಬಿಟ್ಟು ಹೋಗ್ತೀಯಲ್ವೇನೋ?" ಅಂದಳು, ಮೆಟ್ಟಿಲ ಮೇಲಿನ ಅದೇ ದನಿಯಲ್ಲಿ.

ಪೆಟ್ಟಿಗೆ ಎದೆಗವಚಿಕೊಂಡು, ಬಗ್ಗಿ ಶಟರ್ ದಾಟಿದೆ.

"ಏಯ್, ನಿನ್ನನ್ನೇ ಕೇಳ್ತಿರೋದು!"

ಬಿಸಿ ಏಪ್ರನ್ ದಾಟಿ ಹೊಸ ಶರ್ಟಿಗೆ ಇಳಿಯುತ್ತಿತ್ತು. ನಾನು ನಡೆಯುತ್ತಲೇ ಇದ್ದೆ.